ಜೋಡಿಸುವ ದಾರ

ಮಲೆನಾಡಿನ ಮಳೆಗಾಲ ಕಂಡವರಿಗೆ ಉಲ್ಲನ್ನಿನ ಬೆಲೆ ಗೊತ್ತು. ಮೂಡಿಗೆರೆಯ ನಮ್ಮ ಮನೆಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಸರಿಯಾಗಿ ಒಣಗುತ್ತಿರಲಿಲ್ಲ, ಹಾಸಿಗೆ ಬೆಚ್ಚಗಾಗುತ್ತಿರಲಿಲ್ಲ. ಆ ನಾಲ್ಕು ತಿಂಗಳು ಮನೆಯ ಹೆಂಗಸರ ಕೈಯಲ್ಲಿ ಹೆಣಿಗೆಯ ಕಡ್ಡಿ ಇರುತ್ತಿತ್ತು, ಇಲ್ಲವಾದರೆ ಕ್ರೋಶಾ ಕಡ್ಡಿ. ಸ್ವೆಟರು, ಮಫ್ಲರು, ಕೂಸುಗಳ ಕುಲಾವಿ, ನಮಾಝಿನ ಟೋಪಿ ಎಲ್ಲ ಆಗಿ ಮುಗಿದ ಮೇಲೆ ಪ್ರತಿ ಉಂಡೆಯಲ್ಲೂ ಒಂದಿಷ್ಟು ದಾರ ಮಿಗುತ್ತಿತ್ತು. ಇನ್ನೊಂದು ಸ್ವೆಟರಿಗೆ ಅದು ಸಾಲದು, ಎಸೆಯಲು ಮನಸ್ಸು ಬಾರದು. ಆ ಮಿಕ್ಕ ದಾರವೆಲ್ಲ ಹಿಂದಿನ ಕೋಣೆಗೆ ಹೋಗುತ್ತಿತ್ತು. ಹಿಂದಿನ ಕೋಣೆಯಲ್ಲಿ ನಮ್ಮ ಫುಪ್ಪು, ಅಂದರೆ ನಮ್ಮ ತಂದೆಯ ತಂಗಿ ಇದ್ದರು.

ಫುಪ್ಪು ಗಂಡನನ್ನು ಕಳೆದುಕೊಂಡು ಎರಡು ಚಿಕ್ಕ ಮಕ್ಕಳೊಂದಿಗೆ ತವರಿಗೆ ಬಂದವರು. ನಾವು ಕಣ್ಣು ಬಿಟ್ಟಾಗಿನಿಂದ ಅವರನ್ನು ಆ ಕೋಣೆಯಲ್ಲೇ ಕಂಡಿದ್ದೇವೆ. ಊರಿನವರು ನಮ್ಮ ತಂದೆಯನ್ನೂ ಚಿಚ್ಚಾನನ್ನೂ ಹೊಗಳುತ್ತಿದ್ದರು: “ವಿಧವೆ ತಂಗಿಯನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದಾರೆ, ಅಲ್ಲಾಹನು ಬರ್ಕತ್ ಕೊಡಲಿ.” ಈ ಮಾತು ಕೇಳಿ ಮಕ್ಕಳಾದ ನಮಗೂ ಹೆಮ್ಮೆಯೆನಿಸುತ್ತಿತ್ತು. ‘ಇಟ್ಟುಕೊಂಡು’ ಎಂಬ ಆ ಪದದ ಬಗ್ಗೆ ನಾವು ಯೋಚಿಸಿದ್ದು ಬಹಳ ತಡವಾಗಿ.

ಮಿಕ್ಕ ದಾರದಲ್ಲಿ ಫುಪ್ಪು ಒಂದು ಕಂಬಳಿ ಮಾಡಲು ಹೊರಟಿದ್ದರು. ಆರು ಅಂಗುಲದ ಚೌಕಗಳು, ಅಡ್ಡಕ್ಕೆ ಏಳು, ಉದ್ದಕ್ಕೆ ಒಂಬತ್ತು, ಒಟ್ಟು 63. ಪ್ರತಿ ಚೌಕಕ್ಕೂ ಬೇರೆ ಬಣ್ಣ, ಬೇರೆ ಹೆಣಿಗೆ. ಒಂದು ಬರೀ ಸಿಂಗಲ್ ಕ್ರೋಶಾ, ಹಲಗೆಯಂತೆ ಗಟ್ಟಿ. ಇನ್ನೊಂದು ಡಬಲ್, ಸ್ವಲ್ಪ ಸಡಿಲ. ಮತ್ತೊಂದು ಸಮುದ್ರದ ಚಿಪ್ಪುಗಳನ್ನು ಸಾಲಾಗಿ ಜೋಡಿಸಿದಂತೆ. ಮಗದೊಂದು ನಡುವಿನಿಂದ ಸುತ್ತು ಸುತ್ತಾಗಿ ಬೆಳೆದು ನಾಲ್ಕು ಮೂಲೆ ಪಡೆಯುವಂಥದ್ದು. ಕ್ರೋಶಾದಲ್ಲಿ ಒಂದೇ ಕೊಕ್ಕೆಯ ಕಡ್ಡಿ. ಸಾಮಾನ್ಯವಾಗಿ ಒಂದೇ ಕುಣಿಕೆ ಅದರ ಮೇಲೆ ಜೀವಂತವಾಗಿ ಉಳಿದಿರುತ್ತದೆ. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಹೆಣಿಗೆಗೆ ಯಂತ್ರ ಬಂದು ನಾಲ್ಕು ಶತಮಾನಗಳೇ ಕಳೆದಿವೆ. ಆದರೆ ಕ್ರೋಶಾ ಇಂದಿಗೂ ಬಹುಪಾಲು ಮನುಷ್ಯರ ಕೈಯ ಕೆಲಸವಾಗಿಯೇ ಉಳಿದಿದೆ.

ಒಮ್ಮೆ ಫುಪ್ಪು ಕುಣಿಕೆಗಳನ್ನು ಎಣಿಸುತ್ತಿರುವುದನ್ನು ನಾವು ಗಮನಿಸಿದೆವು. ಒಂದು ಚೌಕಕ್ಕೆ ಇಪ್ಪತ್ತು ಕುಣಿಕೆಯಿಂದ ಶುರು ಮಾಡಿದರು, ಇನ್ನೊಂದಕ್ಕೆ ಇಪ್ಪತ್ತಾರು. “ಎಲ್ಲ ಚೌಕವೂ ಒಂದೇ ಅಳತೆ ಅಂದಿರಲ್ಲ ಫುಪ್ಪು, ಲೆಕ್ಕ ಯಾಕೆ ಬೇರೆ ಬೇರೆ?” ಎಂದು ಕೇಳಿದೆವು. ಅವರು ನಕ್ಕರು. “ಈ ದಾರ ಸಣ್ಣದು, ಅದು ದಪ್ಪ. ಈ ಹೆಣಿಗೆ ಒಳಕ್ಕೆ ಎಳೆದುಕೊಳ್ಳುತ್ತೆ, ಅದು ಹರಡಿಕೊಳ್ಳುತ್ತೆ. ಎಲ್ಲಕ್ಕೂ ಇಪ್ಪತ್ತೇ ಹಾಕಿದರೆ ಒಂದೂ ಒಂದಕ್ಕೆ ಸರಿ ಕೂರಲ್ಲ ಬೇಟಾ.” ಲೆಕ್ಕವನ್ನು ಒಂದೇ ಇಟ್ಟರೆ ಅಳತೆ ಕೆಡುತ್ತದೆ, ಅಳತೆ ಒಂದೇ ಬರಬೇಕಾದರೆ ಲೆಕ್ಕ ಬೇರೆಯಾಗಬೇಕು. ಸಮಾನತೆಯ ಬಗ್ಗೆ ನಂತರ ನಾವು ಓದಿದ ಎಷ್ಟೋ ಪುಸ್ತಕಗಳು ಇಷ್ಟು ಸರಳವಾಗಿ ಮಾತಾಡಲಿಲ್ಲ.

ಚೌಕಗಳು ಒಂದೊಂದಾಗಿ ಮುಗಿದವು. ಜೋಡಿಸುವುದೊಂದೇ ಬಾಕಿ. ಆಗ ಫುಪ್ಪು ಜೀವನದಲ್ಲಿ ಬಹುಶಃ ಮೊದಲ ಬಾರಿಗೆ ಅಣ್ಣಂದಿರಲ್ಲಿ ತಮಗಾಗಿ ಏನನ್ನೋ ಕೇಳಿದರು: ಒಂದೇ ಬಣ್ಣದ, ಒಂದೇ ದಪ್ಪದ ಉಲ್ಲನ್, ಐವತ್ತು ಗ್ರಾಮಿನ ಆರು ಉಂಡೆ. ಕೆನೆಬಣ್ಣವಾದರೆ ಒಳ್ಳೆಯದು. “ಇಷ್ಟೊಂದು ಮಿಕ್ಕ ದಾರ ಇದೆಯಲ್ಲ, ಅದರಲ್ಲೇ ಜೋಡಿಸಬಾರದೇ?” ಎಂದು ಮನೆಯಲ್ಲಿ ಯಾರೋ ಅಂದರು. ಫುಪ್ಪು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. “ಚೌಕ ಬಚಾಕುಚಾ ದಾರದ್ದಾದರೆ ನಡೆಯುತ್ತೆ. ಜೋಡಿಸೋ ದಾರ ಬಚಾಕುಚಾ ಆಗಬಾರದು. ಅದು ನಡುವೆ ಮುಗಿದರೆ ಕಂಬಳಿ ಅರ್ಧಕ್ಕೆ ನಿಲ್ಲುತ್ತೆ. ಒಂದು ಕಡೆ ಎಳೆದು ಇನ್ನೊಂದು ಕಡೆ ಸಡಿಲವಾದರೆ ಒಗೆದ ದಿನವೇ ಸೊಟ್ಟಗಾಗುತ್ತೆ. ಅದನ್ನ ಮೊದಲೇ ತೆಗೆದಿಡಬೇಕು.”

ಕಸಬು ಬಲ್ಲವರಿಗೆ ಇದು ನಿಜವೆಂದು ಗೊತ್ತು. ಅಸಲಿ ಉಣ್ಣೆ ಬಿಸಿನೀರಿನಲ್ಲಿ ಕುಗ್ಗುತ್ತದೆ. ನಾವು ಉಲ್ಲನ್ ಎಂದು ಕರೆಯುವ ಅಗ್ಗದ ಅಕ್ರಿಲಿಕ್ ದಾರ ಹಾಗೆ ಕುಗ್ಗುವುದಿಲ್ಲ. ಅಂಚನ್ನು ಬಿಗಿಯಾಗಿ ಹಾಕಿದರೆ ಕಂಬಳಿ ಬಟ್ಟಲಿನಂತೆ ಗುಳಿ ಬೀಳುತ್ತದೆ, ಸಡಿಲ ಬಿಟ್ಟರೆ ನೆರಿಗೆ ಬೀಳುತ್ತದೆ. ಸ್ವಭಾವ ಬೇರೆ ಬೇರೆಯಾದ 63 ಚೌಕಗಳನ್ನು ಒಟ್ಟಿಗೆ ಹಿಡಿಯುವುದು ಅವುಗಳ ಬಣ್ಣವಲ್ಲ, ನಡುವೆ ಓಡುವ ಆ ಒಂದು ದಾರ.

ಆರು ಉಂಡೆ ಬರಲಿಲ್ಲ. ಯಾರೂ ‘ಇಲ್ಲ’ ಎನ್ನಲಿಲ್ಲ. “ಮುಂದಿನ ಸಲ ಚಿಕ್ಕಮಗಳೂರಿಗೆ ಹೋದಾಗ ತರೋಣ” ಎಂದರು. ಆ ಮುಂದಿನ ಸಲ ಬರಲೇ ಇಲ್ಲ. ನಾವು ದೊಡ್ಡವರಾಗಿ, ಕೆಲಸ ಹಿಡಿದು, ನಾಲ್ಕು ಕಾಸು ಕಂಡ ಮೇಲೂ ರಜೆಗೆ ಬರುವಾಗ ನಮ್ಮ ನಮ್ಮ ಮನೆಯ ಮಿಕ್ಕ ದಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಂದುಕೊಟ್ಟೆವೇ ಹೊರತು ಆ ಆರು ಉಂಡೆಯನ್ನಲ್ಲ. 2018ರ ಮಳೆಗಾಲದಲ್ಲಿ ಫುಪ್ಪು ತೀರಿಕೊಂಡರು. ಅವರ ಟ್ರಂಕು ತೆರೆದಾಗ 63 ಚೌಕಗಳು ಒಂಬತ್ತೊಂಬತ್ತರ ಕಟ್ಟುಗಳಾಗಿ ಸಿಕ್ಕವು. ಪ್ರತಿ ಕಟ್ಟಿನಲ್ಲೂ ಉರ್ದುವಿನಲ್ಲಿ ಸಾಲಿನ ಸಂಖ್ಯೆ ಬರೆದ ಚೀಟಿ.

ಅಂದಿನಿಂದ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದು. ಮಿಕ್ಕದ್ದರಿಂದ ಏನನ್ನು ಕೊಡಬಹುದು? ಯಾವುದನ್ನು ಮಿಕ್ಕದ್ದರಿಂದ ಕೊಡಲೇಬಾರದು?

ಮಿಕ್ಕದ್ದನ್ನು ಕೀಳಾಗಿ ಕಾಣಬೇಕೆಂದು ನಾವು ಹೇಳುತ್ತಿಲ್ಲ. ದುಂದುವೆಚ್ಚವನ್ನು ಪವಿತ್ರ ಕುರ್‌ಆನ್ ಕಟುವಾಗಿ ಖಂಡಿಸಿದೆ. ಪ್ರವಾದಿ ಮುಹಮ್ಮದ್(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹದೀಸ್‌ಗಳು ತಿಳಿಸುತ್ತವೆ. ಖಲೀಫರಾಗಿದ್ದ ಕಾಲದಲ್ಲಿ ಹಝ್ರತ್ ಉಮರ್‌(ರ)ರ ಅಂಗಿಯ ಭುಜಗಳ ನಡುವೆ ಒಂದರ ಮೇಲೊಂದು ತೇಪೆಗಳಿದ್ದುದನ್ನು ಅನಸ್(ರ) ಕಂಡಿದ್ದರೆಂದು ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿದೆ. ನಮ್ಮ ಮಿಂಬರುಗಳಿಂದ ಈ ತೇಪೆಯ ಕಥೆಯನ್ನು ಎಷ್ಟು ಬಾರಿ ಕೇಳಿಲ್ಲ! ಆದರೆ ಒಂದು ಅಂಶ ಮರೆತುಹೋಗುತ್ತದೆ. ಉಮರ್(ರ) ಆ ತೇಪೆಯನ್ನು ತಾವೇ ಆರಿಸಿಕೊಂಡಿದ್ದರು. ಬೈತುಲ್‌ಮಾಲ್ ಅವರ ಅಧೀನದಲ್ಲಿತ್ತು, ಬೇಕೆಂದಿದ್ದರೆ ಹೊಸ ಅಂಗಿ ಬರುತ್ತಿತ್ತು. ತನ್ನ ಮೈಮೇಲೆ ತಾನೇ ಹಾಕಿಕೊಂಡ ತೇಪೆ ಸರಳತೆ. ಇನ್ನೊಬ್ಬರ ಮೈಮೇಲೆ ನಾವು ಹೇರಿದ ತೇಪೆಗೆ ಸರಳತೆ ಎಂಬ ಹೆಸರು ಸಲ್ಲದು. ಫುಪ್ಪುವಿನ ಸಬರ್‌ ಅನ್ನು ನಾವೆಲ್ಲ ಬಾಯ್ತುಂಬ ಹೊಗಳಿದೆವು. ಯಾರಿಗೆ ಕಡಿಮೆ ಕೊಟ್ಟಿರುತ್ತೇವೋ ಅವರ ಸಬರ್ ಹೊಗಳುವುದು ಬಹಳ ಅಗ್ಗದ ಕೆಲಸ.

ನಮ್ಮ ನಾಡಿನ ಕೌದಿಯನ್ನೇ ನೋಡಿ. ಮೇಲೆ ಕಾಣುವುದು ಹರಕು ತುಂಡುಗಳ ಬಣ್ಣ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಹಾಗೆಯೇ. ಅವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ; ಹೊಲಿಗೆ ಮಾತ್ರ ಒಂದೇ ಮನೆತನದ್ದು. ಅಂಚಿನಿಂದ ಶುರುಮಾಡಿ ಒಳಕ್ಕೆ ಹೊಲಿಯುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಪುಟ್ಟ ಬಟ್ಟೆಯ ‘ಫೂಲ’ ಇಡುತ್ತಾರೆ. ಆದರೆ ಆ ತುಂಡುಗಳ ಅಡಿಗೆ ಸಾಮಾನ್ಯವಾಗಿ ಒಂದು ಇಡೀ ಸೀರೆ ಇರುತ್ತದೆ. ಹಳೆಯದಿರಬಹುದು, ಆದರೆ ಇಡಿಯಾದದ್ದು. ತುಂಡುಗಳಿಗೆ ತುಂಡುಗಳೇ ಆಧಾರವಾಗಲಾರವು. ತೇಪೆಯ ಕಲೆ ಬಲ್ಲವರೆಲ್ಲ ಈ ಸತ್ಯವನ್ನು ಬಲ್ಲರು: ಮಿಕ್ಕದ್ದರಿಂದ ಬಹಳಷ್ಟನ್ನು ಮಾಡಬಹುದು, ಆಧಾರವನ್ನು ಮಾತ್ರ ಮೊದಲೇ ತೆಗೆದಿಡಬೇಕು.

ಇನ್ನೊಂದು ಮಾತು. ಫುಪ್ಪು ಬಳಸಿದ ದಾರ ಮಿಕ್ಕದ್ದು ನಿಜ, ಅವರು ಹಾಕಿದ ಸಮಯವೂ ಮಿಕ್ಕದ್ದೇ? “ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುತ್ತಾಳೆ” ಎಂದು ಮನೆಯಲ್ಲಿ ಹೇಳುತ್ತಿದ್ದರು. ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಲೇಸ್ ವಿದೇಶಿ ಮಾರುಕಟ್ಟೆಗೆ ಹೋಗುತ್ತಿತ್ತು, ವ್ಯಾಪಾರಿಗಳಿಗೆ ಲಾಭ ತರುತ್ತಿತ್ತು. ಆದರೂ ಗಂಟೆಗಟ್ಟಲೆ ದುಡಿಯುವ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಅವರು ‘ಮನೆಯಲ್ಲಿ ಕೂತವರು’, ಅವರದು ‘ಬಿಡುವಿನ ಕೆಲಸ’. ಕೆಲಸವನ್ನು ಬಿಡುವು ಎಂದು ಕರೆದುಬಿಟ್ಟರೆ ಅದಕ್ಕೆ ತಕ್ಕ ಕೂಲಿ ಕೊಡಬೇಕಿಲ್ಲ. ಹೆಣ್ಣಿನ ಸಮಯವನ್ನು ಮಿಕ್ಕ ಸಮಯವೆಂದು ನಂಬುವವರಿಗೆ ಅವಳ ಹಕ್ಕನ್ನೂ ಮಿಕ್ಕದ್ದರಲ್ಲಿ ತೀರಿಸಬಹುದೆಂದು ತೋರುವುದು ಸಹಜ.

ನಾವು ಹೇಳಬೇಕೆಂದಿರುವ ವಿಷಯ ಇಲ್ಲಿಗೆ ಬಂದು ಮುಟ್ಟುತ್ತದೆ. 1991ರಲ್ಲಿ ನಮ್ಮ ದಾದಾ ತೀರಿಕೊಂಡರು. ದಾದಿ ಅದಕ್ಕೆ ಮೊದಲೇ ಹೋಗಿದ್ದರು. ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಆಸ್ತಿಯೆಂದರೆ ಐದು ಕೋಣೆಯ ಆ ಮನೆ. ಅಷ್ಟರಲ್ಲೇ ಒಂದು ಹಕ್ಕು ಬಿಡುಗಡೆ ಪತ್ರ ತಯಾರಾಯಿತು, ಫುಪ್ಪು ಸಹಿ ಹಾಕಿದರು. ‘ಹಕ್ ಮುಆಫ್ ಮಾಡಿದರು’ ಎಂದು ನಮ್ಮವರ ಭಾಷೆ. ಮನೆ ಇಬ್ಬರು ಅಣ್ಣಂದಿರ ಹೆಸರಿಗೆ ಬಂತು. ಎಲ್ಲರೂ ಊಟ ಮಾಡಿ ಎದ್ದರು.

ಕುರ್‌ಆನಿನ ಅನ್ನಿಸಾ ಅಧ್ಯಾಯವನ್ನು ತೆರೆದು ನೋಡಿದರೆ ಕ್ರಮ ಸ್ಪಷ್ಟವಾಗಿದೆ. ಏಳನೆಯ ವಚನವು ತಂದೆತಾಯಿ ಮತ್ತು ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಆಸ್ತಿ ಸ್ವಲ್ಪವಿರಲಿ ಹೆಚ್ಚಿರಲಿ ಆ ಪಾಲು ಕಡ್ಡಾಯ ಎಂದು ಸಾರುತ್ತದೆ. ಪಾಲಿನ ಹೊತ್ತಿಗೆ ಹಾಜರಿರುವ ಇತರ ಬಂಧುಗಳಿಗೆ, ಅನಾಥರಿಗೆ, ಬಡವರಿಗೆ ಏನಾದರೂ ಕೊಡಬೇಕೆಂಬ ಮಾತು ಬರುವುದು ಅದರ ಮುಂದಿನ ವಚನದಲ್ಲಿ. ಮೊದಲು ಹಕ್ಕು, ಆಮೇಲೆ ಔದಾರ್ಯ. ನಾವು ಮಾಡಿದ್ದು ಏನು? ಹಕ್ಕುದಾರಳನ್ನು ಎಂಟನೆಯ ವಚನದ ಸಾಲಿನಲ್ಲಿ ನಿಲ್ಲಿಸಿ, ಅವಳ ಕೈಗೆ ಸದಕಾ ಕೊಟ್ಟು, ಪುಣ್ಯ ಬಂತೆಂದು ನಂಬಿದೆವು. ಸದಕಾದಲ್ಲಿಯೂ ತಾನು ಕಣ್ಣುಮುಚ್ಚದೆ ಸ್ವೀಕರಿಸಲಾರದಂಥ ಕೀಳು ವಸ್ತುವನ್ನು ಆರಿಸಿ ಕೊಡಬಾರದೆಂದು ಅಲ್‌ಬಕರಾ ಅಧ್ಯಾಯ ಎಚ್ಚರಿಸುತ್ತದೆ. ದಾನಕ್ಕೇ ಇಂಥ ನಿಯಮವಿರುವಾಗ ಹಕ್ಕಿನ ಗತಿಯೇನು?

ಮಗನ ಪಾಲಿನ ಅರ್ಧ ಮಗಳಿಗೆ ಎಂಬ ವಿಧಿಯ ಬಗ್ಗೆ ವಾದ ವಿವಾದಗಳಿವೆ. ಗಂಡಸಿನ ಮೇಲಿನ ಸಂರಕ್ಷಣೆಯ ಹೊಣೆಯನ್ನು ಮುಂದಿಟ್ಟು ಉತ್ತರಿಸುವವರೂ ಇದ್ದಾರೆ. ಆ ಚರ್ಚೆ ನಡೆಯಲಿ. ನಮ್ಮ ಪ್ರಶ್ನೆ ಅದಕ್ಕಿಂತ ಚಿಕ್ಕದು, ಅದಕ್ಕಿಂತ ನಾಚಿಕೆಯದು. ಆ ಅರ್ಧವಾದರೂ ಅವಳ ಕೈ ಸೇರಿತೇ? 1937ರ ಶರೀಅತ್ ಅನ್ವಯ ಕಾಯ್ದೆ ಬಂದದ್ದೇ ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ವಾರಸಿನಿಂದ ಹೊರಗಿಡುವುದನ್ನು ತಡೆಯುವ ಆಶಯದಿಂದಲೂ ಹೌದು. ಆದರೆ ಕೃಷಿಭೂಮಿಯನ್ನು ಆ ಕಾಯ್ದೆಯೇ ಹೊರಗಿಟ್ಟಿತು. ಉಳಿದದ್ದನ್ನು ‘ಮುಆಫಿ’ ಎಂಬ ಸಿಹಿ ಮಾತಿನಿಂದ ನಾವೇ ಹೊರಗಿಟ್ಟೆವು. ಶರೀಅತ್ತಿಗಾಗಿ ಬೀದಿಗಿಳಿದು ಘೋಷಣೆ ಕೂಗುವ ನಾವು ಮನೆಯ ಒಳಗೆ ರೂಢಿಯ ಪಕ್ಷಕ್ಕೆ ಸೇರಿಕೊಳ್ಳುತ್ತೇವೆ.

“ಅವಳೇ ಇಷ್ಟಪಟ್ಟು ಬರೆದುಕೊಟ್ಟಳಲ್ಲ?” ಎಂಬ ಆಕ್ಷೇಪ ಬರುತ್ತದೆ. ಬಲವಂತ ಯಾರೂ ಮಾಡಲಿಲ್ಲ, ಒಪ್ಪುತ್ತೇವೆ. ಆದರೆ ಎರಡು ಮಕ್ಕಳೊಂದಿಗೆ ಅಣ್ಣಂದಿರ ಮನೆಯಲ್ಲಿರುವ ಹೆಣ್ಣು ‘ಇಲ್ಲ, ನನ್ನ ಪಾಲು ಕೊಡಿ’ ಎಂದರೆ ಮರುದಿನ ಒಲೆಯ ಮುಂದೆ ಅವಳ ಜಾಗ ಎಲ್ಲಿ? ‘ಇಲ್ಲ’ ಎನ್ನುವ ದಾರಿ ಇಲ್ಲದವರ ‘ಹೌದು’ ಎಂಬುದು ಒಪ್ಪಿಗೆಯೇ? ಮನಃಪೂರ್ವಕವಲ್ಲದೆ, ಸಂಕೋಚದಿಂದ ಬಿಟ್ಟುಕೊಟ್ಟ ಹಕ್ಕು ಪಡೆದವರಿಗೆ ಹಲಾಲ್ ಆಗದೆಂದು ಉಲಮಾಗಳು ಹೇಳುತ್ತಲೇ ಬಂದಿದ್ದಾರೆ.

“ಅಷ್ಟು ವರ್ಷ ಸಾಕಲಿಲ್ಲವೇ? ಮಕ್ಕಳ ಫೀಸು ಕಟ್ಟಲಿಲ್ಲವೇ?” ಎಂಬುದು ಇನ್ನೊಂದು ಆಕ್ಷೇಪ. ಹೌದು, ಕಟ್ಟಿದರು. ನಮ್ಮ ತಂದೆಗೆ ತಂಗಿಯ ಮೇಲೆ ಪ್ರೀತಿ ಇರಲಿಲ್ಲವೆಂದು ನಾವು ಎಂದಿಗೂ ಹೇಳೆವು. ಅವರಿಗೆ ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿದ್ದವರು ಅವರೇ. ಆದರೆ ಪ್ರೀತಿ ಒಂದು ಲೆಕ್ಕ, ಹಕ್ಕು ಇನ್ನೊಂದು ಲೆಕ್ಕ. ಚೀಲಗಟ್ಟಲೆ ಮಿಕ್ಕ ದಾರ ಕೊಟ್ಟವರು ಆರು ಉಂಡೆ ಕೊಟ್ಟಂತೆ ಆಗುವುದಿಲ್ಲ. ಎರಡು ಗಂಡು, ಒಂದು ಹೆಣ್ಣು. ಎರಡು, ಎರಡು, ಒಂದು. ಐದು ಪಾಲಿನಲ್ಲಿ ಒಂದು ಪಾಲು ಫುಪ್ಪುವಿನದು. ಐದು ಕೋಣೆಯ ಮನೆಯಲ್ಲಿ ಅವರಿದ್ದದ್ದು ಒಂದು ಕೋಣೆಯಲ್ಲಿ. ‘ಇಟ್ಟುಕೊಂಡು ಸಾಕಿದೆವು’ ಎಂದು ಹೇಳಿಕೊಂಡೆವಲ್ಲ, ಅವರು ಅಷ್ಟು ವರ್ಷ ಇದ್ದದ್ದು ತಮ್ಮದೇ ಪಾಲಿನಲ್ಲಿ. ಅದಕ್ಕೆ ಅವರು ನಮಗೆ ಕೃತಜ್ಞರಾಗಿರಬೇಕಿತ್ತು!

ಮನೆಯ ಮಾತು ಸಮಾಜಕ್ಕೂ ಸಲ್ಲುತ್ತದೆ. ಈದ್ ಮಿಲನ, ದೀಪಾವಳಿ ಮಿಲನಗಳ ವೇದಿಕೆಯಲ್ಲಿ ‘ನಮ್ಮ ದೇಶ ಒಂದು ಕೌದಿಯಿದ್ದಂತೆ, ಬಣ್ಣ ಹಲವು, ಹೊದಿಕೆ ಒಂದು’ ಎಂದು ಭಾಷಣ ಮಾಡುವವರನ್ನು ಕೇಳಿದ್ದೇವೆ, ನಾವೂ ಮಾಡಿದ್ದೇವೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಬಣ್ಣವನ್ನು ಹೊಗಳುವವರು ಜೋಡಿಸುವ ದಾರ ಯಾವುದೆಂದು ಕೇಳುವುದಿಲ್ಲ. ಕವಂದಿಯ ಸೊಬಗನ್ನು ವಸ್ತುಪ್ರದರ್ಶನಗಳಲ್ಲಿ ಮೆಚ್ಚುವುದು ಸುಲಭ. ಅದನ್ನು ಹೊಲಿದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. ನಮ್ಮ ಸಂವಿಧಾನದ ಪೀಠಿಕೆಯನ್ನು ಓದಿ ನೋಡಿ. ಅಲ್ಲಿ ನ್ಯಾಯ ಮೊದಲು ಬರುತ್ತದೆ, ಸ್ವಾತಂತ್ರ್ಯ, ಸಮಾನತೆ ನಂತರ, ಭ್ರಾತೃತ್ವ ಕೊನೆಗೆ. ನಾವು ಕೊನೆಯದನ್ನು ಮೊದಲು ಕೇಳುತ್ತೇವೆ. ನ್ಯಾಯವನ್ನು ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದರೆ ಬಡಿಸೋಣ ಎನ್ನುತ್ತೇವೆ. ಸೌಹಾರ್ದವೆಂಬ ಕಂಬಳಿ ಒಂದೇ ಒಗೆತಕ್ಕೆ ಸೊಟ್ಟಗಾಗುವುದು ಇದಕ್ಕೇ.

ಅನ್‌ನಹ್ಲ್ ಅಧ್ಯಾಯದಲ್ಲಿ ಒಬ್ಬ ಹೆಂಗಸಿನ ಉಪಮೆಯಿದೆ. ದಾರವನ್ನು ಗಟ್ಟಿಯಾಗಿ ನೂತು, ಆಮೇಲೆ ತಾನೇ ಎಳೆ ಎಳೆಯಾಗಿ ಬಿಚ್ಚಿಹಾಕಿದವಳು. ಮಾಡಿದ ಪ್ರತಿಜ್ಞೆಯನ್ನು ಮುರಿಯುವವರು ಅವಳಂತಾಗಬಾರದೆಂಬ ಎಚ್ಚರಿಕೆ ಅದು. ಕ್ರೋಶಾ ಬಲ್ಲವರಿಗೆ ಆ ಉಪಮೆ ಬೇಗ ತಟ್ಟುತ್ತದೆ. ಕೊನೆಯ ಕುಣಿಕೆಯನ್ನು ಭದ್ರ ಮಾಡದೆ ಬಿಟ್ಟರೆ ಒಂದು ತುದಿ ಎಳೆದರೆ ಸಾಕು, ತಿಂಗಳುಗಳ ಕೆಲಸ ಕ್ಷಣದಲ್ಲಿ ಬಿಚ್ಚಿಹೋಗುತ್ತದೆ. ಸಂಬಂಧಗಳನ್ನು ವರ್ಷಗಟ್ಟಲೆ ಹೆಣೆದು, ಪಾಲಿನ ದಿನ ಆ ಒಂದು ತುದಿ ಎಳೆದವರು ನಾವು.

ಕಳೆದ ವರ್ಷ ಆ ಮನೆ ಮಾರಾಟವಾಯಿತು. ನಮ್ಮ ತಂದೆ ಈಗಿಲ್ಲ. ಐದರಲ್ಲಿ ಅವರ ಹಕ್ಕು ಎರಡು ಪಾಲು. ಪತ್ರದ ಪ್ರಕಾರ ಬಂದದ್ದು ಎರಡೂವರೆ. ಆ ಅರ್ಧ ಪಾಲು ಅವರದಲ್ಲ, ಆದ್ದರಿಂದ ನಮ್ಮದೂ ಅಲ್ಲ. ನಾವು ಅಣ್ಣತಮ್ಮ ಅಕ್ಕತಂಗಿಯರು ಕೂತು, ಬೇರೆ ಯಾವ ಲೆಕ್ಕಕ್ಕೂ ಕೈ ಹಾಕುವ ಮೊದಲು ಅದನ್ನು ತೆಗೆದಿಟ್ಟೆವು. ಫುಪ್ಪುವಿನ ಮಗನಿಗೂ ಮಗಳಿಗೂ ತಲುಪಿಸಿದೆವು. ಅದು ಸುಲಭವಾಗಿ ಆಯಿತೆಂದರೆ ಸುಳ್ಳಾಗುತ್ತದೆ. ನಮ್ಮೊಳಗೇ ಮಾತು ಬೆಳೆಯಿತು, ಸಾಲದ ಕಂತುಗಳು ನೆನಪಾದವು. ಉಳಿದ ಅರ್ಧ ಪಾಲು ಚಿಚ್ಚಾನ ಬಳಿಯಿದೆ. “ಯೋಚಿಸುತ್ತೇನೆ” ಎಂದಿದ್ದಾರೆ. ಅವರಿಗೆ ವಯಸ್ಸಾಗಿದೆ, ಹೆಚ್ಚು ಕೇಳಲು ನಮಗೂ ಸಂಕೋಚ. ಆದರೆ ಸಂಕೋಚವೇ ಈ ಇಡೀ ಅನ್ಯಾಯದ ತಾಯಿ ಎಂಬುದೂ ಗೊತ್ತಿದೆ. ಆದ್ದರಿಂದ ಮತ್ತೆ ಕೇಳುತ್ತೇವೆ.

ಚಿಕ್ಕಮಗಳೂರಿನಿಂದ ಕೆನೆಬಣ್ಣದ ಆರು ಉಂಡೆಯನ್ನೂ ತಂದೆವು. ಫುಪ್ಪುವಿನ ಚೀಟಿಗಳ ಕ್ರಮದಲ್ಲೇ 63 ಚೌಕಗಳನ್ನು ಜೋಡಿಸಿದೆವು. ಅವರ ಕೈಯ ಹದ ನಮ್ಮ ಕೈಗೆ ಬರಲಿಲ್ಲ, ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡಿಲ. ದಾರ ಮಾತ್ರ ಸಾಕಾಯಿತು, ಸ್ವಲ್ಪ ಉಳಿಯಿತು ಕೂಡ. ಅವರ ಲೆಕ್ಕ ಸರಿಯಾಗಿತ್ತು.

ಕಂಬಳಿಯನ್ನು ಅವರ ಮಗಳ ಕೈಗೆ ಕೊಟ್ಟಾಗ ಅವಳು ಅದನ್ನು ತಿರುಗಿಸಿ ಹಿಂಬದಿಯ ಜೋಡಣೆಯ ಮೇಲೆ ಕೈಯಾಡಿಸಿದಳು. ಆಮೇಲೆ ಮೆಲ್ಲಗೆ, “ಅಮ್ಮ ಇದ್ದಾಗ ತಂದುಕೊಟ್ಟಿದ್ದರೆ ಚೆನ್ನಾಗಿತ್ತು” ಎಂದಳು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಓದುಗರಲ್ಲಿ ಹಲವರ ಮನೆಯಲ್ಲಿ ಹಿಂದಿನ ಕೋಣೆ ಇದ್ದೀತು, ಆ ಕೋಣೆಯಲ್ಲಿ ಒಬ್ಬ ಫುಪ್ಪು, ಒಬ್ಬ ಅಕ್ಕ, ಒಬ್ಬ ಅತ್ತೆ ಇನ್ನೂ ಇದ್ದಾರು. ಅವರು ಕೇಳಲಾರರು. ಅವರು ಇರುವಾಗಲೇ ಆ ಆರು ಉಂಡೆಯನ್ನು ತಂದುಕೊಡಿ.